ಅಲ್ಪವಿರಾಮ

ಸದನದಲ್ಲಿ ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳುವುದು
ಇಪ್ಪತ್ತೆರಡು ವರ್ಷದಿಂದ ನನ್ನ ಉದ್ಯೋಗ.
ಕೆಮ್ಮನ್ನು ಬರೆಯುವುದಿಲ್ಲ. ಮೇಜು ಗುದ್ದಿದ್ದನ್ನು ಬರೆಯುತ್ತೇನೆ.
ಮೌನಕ್ಕೆ ಲುಸಾಕದ ಕೀಲಿಮಣೆಯಲ್ಲಿ ಗುಂಡಿಯಿಲ್ಲ.

ನಮಕಾವ್ ಲಿಶೋಮ್ವ ಪಶ್ಚಿಮದ ಬಯಲಿನವರು,
ವರ್ಷಕ್ಕೊಮ್ಮೆ ಊರನ್ನೇ ದೋಣಿಗೆ ಹಾಕಿಕೊಂಡು
ದಿಬ್ಬಕ್ಕೆ ಹೋಗುವ ಜನರ ಪ್ರತಿನಿಧಿ.
ಅಲ್ಲಿ ನೆರೆ ಎಂದರೆ ಉಕ್ಕಿ ಬರುವ ನೀರು.
ವಿದೇಶಾಂಗ ಸಮಿತಿಯಲ್ಲಿ ನೆರೆ ಎಂದರೆ ಬೇಲಿಯಾಚೆಯ ಮನೆ,
ಅದರೊಳಗೆ ಯಾರೋ ಕೂಗುವುದು.
ಎಂಟು ದಿಕ್ಕಿಗೂ ಎಂಟು ನೆರೆ ನಮಗೆ.
ಇದು ಯಾವ ದಿಕ್ಕಿನದು ಎಂದು ನಾನು ಹೇಳುವಂತಿಲ್ಲ,
ದಿಕ್ಕನ್ನೂ ಕಡತದಿಂದ ತೆಗೆಸಿದ್ದಾರೆ.

ಆಚೆಯ ಹೆಂಗಸರು ರಾತ್ರಿ ದಾಟಿ ಬಂದು
ಆಕೆಯ ಕಚೇರಿಯ ಬೆಂಚಿನ ಮೇಲೆ ಕೂತಿದ್ದನ್ನು ಕಂಡಿದ್ದೇನೆ.
ಒಬ್ಬಳ ಚಿಟೆಂಗೆಯ ಗಂಟಿನಲ್ಲಿ ಗಂಡನ ಕನ್ನಡಕ,
ಒಂದೇ ಗಾಜು.
ಮೇಜಿನ ಮೇಲಿಟ್ಟಳು, ಅಳಲಿಲ್ಲ.
"ಇದಿಲ್ಲದೆ ಅವನಿಗೆ ಮೆಟ್ಟಿಲು ಕಾಣುವುದಿಲ್ಲ" ಎಂದಳು,
ಕೊಟ್ಟು ಬರುವವರು ಯಾರಾದರೂ ಇದ್ದಾರೆ ಎಂಬಂತೆ.

ಮಂತ್ರಿಗಳ ಭಾಷೆ ನನಗೆ ಬಾಯಿಪಾಠ:
ಕಳವಳ. ತೀವ್ರ ಕಳವಳ. ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ.
ಒಂದೊಂದು ಮೆಟ್ಟಿಲಿಗೆ ಒಂದೊಂದು ಅಧಿವೇಶನ.
ಆಚೆಯಿಂದ ಕರೆಂಟು, ಈಚೆಯಿಂದ ಮೆಕ್ಕೆಜೋಳ,
ಲಾರಿಗಳು ಗಡಿಯಲ್ಲಿ ನಿಂತುಬಿಟ್ಟರೆ ಯಾರು ಹೊಣೆ, ಮಾನ್ಯ ಸದಸ್ಯೆ?
ಆ ಒಪ್ಪಂದಕ್ಕೆ ಆಕೆಯೂ ಕೈ ಎತ್ತಿದ್ದರು.
ನಾನೇ ಬರೆದುಕೊಂಡಿದ್ದೆ.

ಕ್ಷೇತ್ರದಲ್ಲಿ ಬೈದರು: ಕಾಲುವೆಯ ತುಂಬ ಹೂಳು, ಶಾಲೆಗೆ ಸೂರಿಲ್ಲ,
ಮನೆಗೆ ಮಾರಿ, ಊರಿಗೆ ಉಪಕಾರಿ.
ಹೂಳಿನ ಪ್ರಶ್ನೆಯನ್ನೂ ಕೇಳಿದರು ಆಕೆ.
ಅದನ್ನೂ ಗಮನಿಸುತ್ತಿದ್ದಾರಂತೆ.

ಅಕ್ಟೋಬರಿನ ಒಂದು ಮಧ್ಯಾಹ್ನ, ಕಾಗದ ಬೆವರುವ ಸೆಕೆ,
ಎದ್ದು, ಚೀಟಿ ಬಿಚ್ಚಿ, ಓದತೊಡಗಿದರು.
ಹೆಸರುಗಳು.
ವಿಶೇಷಣವಿಲ್ಲ, ಕ್ರಿಯಾಪದವಿಲ್ಲ. ನಲವತ್ತೊಂದು.
ಸಭಾಧ್ಯಕ್ಷರು ಮೂರನೆಯದಕ್ಕೆ ಮೇಜು ಕುಟ್ಟಿದರು,
ಹತ್ತನೆಯದಕ್ಕೆ ಎದ್ದು ನಿಂತರು,
ಮಿತ್ರರಾಷ್ಟ್ರ, ಎಂದರು. ನಿಯಮ, ಎಂದರು.
ಮೈಕು ಸತ್ತ ಮೇಲೆ ನಾನು ತುಟಿ ನೋಡಿ ಬರೆದೆ.
ಎಲ್ಲ ಹೆಸರುಗಳನ್ನೂ ಕಡತದಿಂದ ತೆಗೆಯತಕ್ಕದ್ದು.

ತೆಗೆದೆ. ಮಗಳ ಶಾಲೆಯ ಫೀಸು ಕಟ್ಟುವುದಿತ್ತು.
ಆದರೆ ತೆಗೆಯಲು ಹೇಳಿದ್ದು ಹೆಸರುಗಳನ್ನು,
ನಡುವಿನ ಅಲ್ಪವಿರಾಮಗಳ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ.
ಒಂದೊಂದು ಹೆಸರಿಗೂ ಅದರ ಅಕ್ಷರದಷ್ಟೇ ಜಾಗ ಬಿಟ್ಟು
ಪುಟ ಕಟ್ಟಿದೆ.
ಕರಡು ನೋಡಲು ಕೆಳಗಿಳಿದು ಬಂದ ಆಕೆ
ಬಹಳ ಹೊತ್ತು ಓದಿದರು, ಓದಲು ಅಲ್ಲೇನಿತ್ತೋ.
ಕೆಂಪು ಪೆನ್ನಿನಲ್ಲಿ ಒಂದೇ ತಿದ್ದುಪಡಿ:
ಹತ್ತೊಂಬತ್ತು ಇಪ್ಪತ್ತರ ನಡುವೆ ಅಲ್ಪವಿರಾಮ ಬಿಟ್ಟುಹೋಗಿದೆ,
ಹೀಗೇ ಬಿಟ್ಟರೆ ಇಬ್ಬರೂ ಒಬ್ಬನೇ ಆಗಿಬಿಡುತ್ತಾರೆ.

ಮುಂದಿನ ಚುನಾವಣೆಯಲ್ಲಿ ಸೋತರು. ಹೂಳಿನಿಂದ, ಎನ್ನುತ್ತಾರೆ.

ಹೋದ ತಿಂಗಳು ಗ್ರಂಥಾಲಯಕ್ಕೆ ಒಬ್ಬ ಬಂದ.
ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಸಂಪುಟ ಕೇಳಿದ, ಪುಟ ಕೇಳಿದ, ತನ್ನ ಹೆಸರು ಹೇಳಿದ.
ನನಗೆ ನೆನಪಿತ್ತು. ಟೈಪು ಮಾಡಿದ್ದನ್ನು ಬೆರಳು ಮರೆಯುವುದಿಲ್ಲ.
ಇನ್ನು ಯಾರು ಯಾರು ಹಿಂತಿರುಗಿದರು ಎಂದು ನಾನು ಕೇಳಲಿಲ್ಲ,
ಆತನೂ ಹೇಳಲಿಲ್ಲ.
ಬಿಳಿಯ ಮೇಲೆ ಎಣಿಸುತ್ತ ಹೋಗಿ ಹತ್ತೊಂಬತ್ತಕ್ಕೆ ನಿಲ್ಲಿಸಿದೆ: ಇಲ್ಲಿ.

ಆ ಸಂದಿನಲ್ಲಿ ಕಿರುಬೆರಳು ಅಡ್ಡ ಇಟ್ಟು ನೋಡಿದ.
"ಸ್ವಲ್ಪ ಬಿಗಿ," ಎಂದ,
ಅಂಗಡಿಯಲ್ಲಿ ಚಪ್ಪಲಿ ಮೆಟ್ಟಿ ನೋಡುವವನ ಹಾಗೆ.
ಪಕ್ಕದ ಖಾಲಿಯನ್ನು, ಅದು ಕನ್ನಡಕದವನದು, ಮುಟ್ಟಲಿಲ್ಲ.

ಮೇಲೆ ಗಂಟೆ ಹೊಡೆಯಿತು. ರಸಗೊಬ್ಬರದ ಮೇಲೆ ಚರ್ಚೆ.
ನಾನು ಹೋಗಬೇಕಿತ್ತು.